ಬಣ್ಣ ಬೇರೆಯಾದ ಮಾತ್ರಕ್ಕೆ ಬೆಟ್ಟದ ಕಪ್ಪೆಯ ಪ್ರಭೇದವೂ ಬೇರೆಯೇ?

ಕಾಸರಗೋಡು ಜಿಲ್ಲೆಯ ರಾಣಿಪುರದ ಬೆಟ್ಟದಲ್ಲಿ ಮಳೆಗಾಲದ ರಾತ್ರಿ ಕಾಣುವ ಪುಟ್ಟ ಪೊದೆಗಪ್ಪೆಗಳಲ್ಲಿ ಕೆಲವು ಹಸಿರು, ಕೆಲವು ಕಂದು, ಕೆಲವಕ್ಕೆ ಬೆನ್ನಿನ ಮೇಲೆ ಗೆರೆ ಇರುವುದರಿಂದ ಅವು ಬೇರೆ ಬೇರೆ ಪ್ರಭೇದಗಳೇ ಎಂದು ಕೇಳಿದ್ದೀರಿ. ಬಣ್ಣವೊಂದನ್ನೇ ನೋಡಿ ಹಾಗೆ ನಿರ್ಧರಿಸಲಾಗದು.

ಒಂದೇ ಪ್ರಭೇದದೊಳಗೆ ಬಣ್ಣ, ಚುಕ್ಕೆ, ಗೆರೆಗಳು ಬಹಳವಾಗಿ ಬದಲಾಗುತ್ತವೆ; ಹೆಣ್ಣು ಸಾಮಾನ್ಯವಾಗಿ ಗಂಡಿಗಿಂತ ದೊಡ್ಡದು. ಹಿಂದೆ ಮದ್ಯಸಾರದಲ್ಲಿ ಕಾಪಿಟ್ಟ ಮಾದರಿಗಳನ್ನೇ ಹೆಚ್ಚಾಗಿ ನೆಚ್ಚಿ ವರ್ಗೀಕರಣ ಮಾಡುತ್ತಿದ್ದರು. ಆದರೆ ಹಳದಿ ವರ್ಣದ್ರವ್ಯ ಅದರಲ್ಲಿ ಕರಗಿಹೋಗಿ ಹಸಿರು ಕಪ್ಪೆ ನೀಲಿಯಾಗಿಬಿಡುವುದರಿಂದ, ಬಣ್ಣದ ಸಾಕ್ಷ್ಯ ಎಷ್ಟು ದುರ್ಬಲವೆಂದು ಊಹಿಸಬಹುದು.

ಇದಕ್ಕೆ ವಿರುದ್ಧವಾದ ತೊಡಕೇ ನನಗೆ ಹೆಚ್ಚು ಮುಖ್ಯವೆನಿಸುತ್ತದೆ: ನೋಟಕ್ಕೆ ಒಂದೇ ಆಗಿರುವ ಕಪ್ಪೆಗಳು ವಾಸ್ತವದಲ್ಲಿ ಹಲವು ಪ್ರಭೇದಗಳಾಗಿರಬಹುದು. ತಂಪು ಶಿಖರಗಳ ನಡುವಿನ ಬೆಚ್ಚನೆಯ ಕಣಿವೆಗಳನ್ನು ದಾಟಲಾಗದೆ ದೀರ್ಘಕಾಲ ಪ್ರತ್ಯೇಕವಾಗಿ ಉಳಿದ ಗುಂಪುಗಳ ವಂಶವಾಹಿಗಳು, ಮೈಕಟ್ಟು ಬದಲಾಗದಿದ್ದರೂ, ಬೇರೆಯಾಗುತ್ತಾ ಹೋಗುತ್ತವೆ. ಕಪ್ಪೆಗಳ ತಜ್ಞ ಎಸ್. ಡಿ. ಬಿಜು ಮತ್ತು ಸಂಗಡಿಗರು 2014ರಲ್ಲಿ ಪಶ್ಚಿಮ ಘಟ್ಟದ ಕುಣಿಯುವ ಕಪ್ಪೆಗಳ ಒಂದೇ ಕುಲದಲ್ಲಿ 14 ಹೊಸ ಪ್ರಭೇದಗಳನ್ನು ವಿವರಿಸಿದ್ದು ಡಿಎನ್‌ಎ ಮತ್ತು ದೇಹರಚನೆಗಳನ್ನು ಒಟ್ಟಿಗೆ ಪರಿಶೀಲಿಸಿದ್ದರಿಂದ.

ಹೆಣ್ಣು ತನ್ನ ಪ್ರಭೇದದ ಗಂಡನ್ನು ಗುರುತಿಸುವುದು ಬಹುಮಟ್ಟಿಗೆ ಕೂಗಿನಿಂದಲೇ ಆದ್ದರಿಂದ, ರಾಣಿಪುರದಲ್ಲಿ ನೀವು ಕಪ್ಪೆಯನ್ನು ಹಿಡಿಯದೆ ಅದರ ಕೂಗನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ, ಜೊತೆಗೆ ಆ ಹೊತ್ತಿನ ಉಷ್ಣತೆಯನ್ನೂ ಬರೆದಿಡಿ. ಚಳಿಯಲ್ಲಿ ಕೂಗಿನ ಲಯ ನಿಧಾನವಾಗುತ್ತದೆ.