ಕೊಳೆಯಲೆಂದು ಕಾಯುವ ದ್ರಾಕ್ಷಿತೋಟ

ಫ್ರಾನ್ಸಿನ ಶಾತೋ ದಿಕೆಮ್ (ಚಿಕ್ಕದಾಗಿ ಇಕೆಮ್) ಎಂಬ ತೋಟದ ಸಿಹಿ ವೈನಿನ ಬಗ್ಗೆ ಕಳೆದ ಸಂಚಿಕೆಯಲ್ಲಿ ನಾಲ್ಕು ಸಾಲು ಬರೆದಿದ್ದೆ. ಅದನ್ನು ಓದಿ ಕೊಡಗಿನಿಂದಲೇ ಹೆಚ್ಚು ಪತ್ರಗಳು ಬಂದಿರುವುದರಿಂದ ಈ ಸಲದ ಅಂಕಣವನ್ನು ಅವುಗಳಿಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಮೆಣಸಿನ ಬಳ್ಳಿಗೂ ಕಾಫಿಗೂ ಕೊಳೆರೋಗ ಬಾರದಿರಲೆಂದು ಪ್ರತಿವರ್ಷ ಬೋರ್ಡೋ ದ್ರಾವಣ ಹೊಡೆಸುತ್ತೇವೆ. ಆ ದ್ರಾವಣಕ್ಕೆ ಹೆಸರು ಕೊಟ್ಟ ಬೋರ್ಡೋ ಸೀಮೆಯಲ್ಲಿಯೇ ದ್ರಾಕ್ಷಿ ಕೊಳೆಯಲೆಂದು ಕಾಯುತ್ತಾರೆ ಎಂದು ಬರೆದಿದ್ದೀರಿ. ಇದು ಹೇಗೆ ಸಾಧ್ಯ? (ಬೆಳೆಗಾರರು, ವಿರಾಜಪೇಟೆ)

ಉತ್ತರ: ಎರಡೂ ನಿಜ, ಮತ್ತು ಎರಡರ ನಡುವೆ ವಿರೋಧವಿಲ್ಲ. ರೈತನ ಕಣ್ಣಿಗೆ ಎಲ್ಲವೂ ಕೊಳೆಯೇ ಆದರೂ ಕೊಳೆಸುವ ಜೀವಿಗಳು ಬೇರೆ ಬೇರೆ. ಬೋರ್ಡೋ ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿ ಮಿಲಾರ್ಡೆ ಅವರು, ದಾರಿಹೋಕರು ಹಣ್ಣು ಕದಿಯದಿರಲೆಂದು ಮೈಲುತುತ್ತ ಮತ್ತು ಸುಣ್ಣ ಎರಚಿದ್ದ ರಸ್ತೆಬದಿಯ ಬಳ್ಳಿಗಳಿಗೆ ರೋಗ ತಗುಲದಿರುವುದನ್ನು ಗಮನಿಸಿ, ಆ ಮಿಶ್ರಣವನ್ನು ಪರೀಕ್ಷಿಸಿ 1885ರಲ್ಲಿ ಪ್ರಕಟಿಸಿದರು. ಅವರು ತಡೆಯಲು ಹೊರಟಿದ್ದು ದ್ರಾಕ್ಷಿ ಎಲೆಯ ಬೂಜುರೋಗವನ್ನು. ಅದನ್ನು ತರುವ ಜೀವಿ ನಮ್ಮ ಮೆಣಸಿಗೆ ಸೊರಗುರೋಗ ತರುವ ಫೈಟಾಫ್ತೊರಾ ಎಂಬ ಜೀವಿಯ ಹತ್ತಿರದ ನಂಟ. ಆದ್ದರಿಂದಲೇ ಅಲ್ಲಿಯ ಔಷಧಿ ಇಲ್ಲಿಯ ಬಳ್ಳಿಗೂ ಒಗ್ಗಿತು. (ಪ್ರಾಸಂಗಿಕವಾಗಿ ಒಂದು ಮಾತು: ಕಾಫಿ ಎಲೆ ಕಪ್ಪಾಗಿ ಜೋತುಬೀಳುವ ರೋಗದ ಶಿಲೀಂಧ್ರಕ್ಕೆ ವಿಜ್ಞಾನಿಗಳು ಕೊಟ್ಟ ಹೆಸರಿನಲ್ಲಿ ‘ಕೊಳೆರೋಗ’ ಎಂಬ ನಮ್ಮ ಕನ್ನಡ ಪದವೇ ಇದೆ. ಬೇರೆ ಭಾಷೆಗಳ ಸಸ್ಯರೋಗ ಗ್ರಂಥಗಳಲ್ಲಿಯೂ ಆ ಪದ ಸಿಗುತ್ತದೆ ಎಂಬುದು ನನಗೆ ಇಂದಿಗೂ ಸಂತೋಷ ಕೊಡುವ ವಿಷಯ.)

ಇಕೆಮ್ ತೋಟದವರು ಎದುರುನೋಡುವುದು ಬೋಟ್ರೈಟಿಸ್ ಸಿನೆರಿಯಾ ಎಂಬ ಬೇರೆಯೇ ಶಿಲೀಂಧ್ರವನ್ನು. ಅದು ಕೂಡ ಸಾಧುವಲ್ಲ. ಮಳೆ ಬಿಡದೆ ಹಿಡಿದರೆ ಅದೇ ಬೋಟ್ರೈಟಿಸ್ ಬೂದುಕೊಳೆಯಾಗಿ ಇಡೀ ಗೊಂಚಲನ್ನು ಹಾಳುಮಾಡುತ್ತದೆ. ಅದು ಒಳ್ಳೆಯ ಕೊಳೆಯಾಗಬೇಕಾದರೆ ಬೆಳಗ್ಗೆ ತೇವ, ಮಧ್ಯಾಹ್ನ ಬಿಸಿಲು ಎಂಬ ಕ್ರಮ ದಿನದಿನವೂ ನಡೆಯಬೇಕು. ಬೋರ್ಡೋ ನಗರದಿಂದ ಸುಮಾರು 40 ಕಿಲೋಮೀಟರ್ ಆಗ್ನೇಯಕ್ಕಿರುವ, ಇಕೆಮ್ ತೋಟದ ನೆಲೆಯಾದ ಸೊತೆರ್ನ್ ಸೀಮೆಯಲ್ಲಿ ಈ ಕ್ರಮವನ್ನು ನಡೆಸಿಕೊಡುವುದು ಒಂದು ಸಣ್ಣ ಹೊಳೆ. ಮರಗಳ ನೆರಳಿನಲ್ಲಿ ಹರಿದುಬರುವ ಸಿರೋಂ ಹೊಳೆಯ ತಣ್ಣೀರು ಗರೋನ್ ನದಿಯ ಬೆಚ್ಚನೆಯ ನೀರನ್ನು ಸೇರುವಲ್ಲಿ ಶರತ್ಕಾಲದ ರಾತ್ರಿಗಳಲ್ಲಿ ಮಂಜು ಏಳುತ್ತದೆ, ಬೆಳಗಿನವರೆಗೂ ಬಳ್ಳಿಗಳ ಮೇಲೆ ಕವಿದಿರುತ್ತದೆ, ಹೊತ್ತೇರಿದಂತೆ ಕರಗುತ್ತದೆ. ತುಲಾ ಸಂಕ್ರಮಣದ ಆಸುಪಾಸಿನಲ್ಲಿ ತಲಕಾವೇರಿಯ ಬೆಟ್ಟಗಳ ಮಂಜನ್ನು ಕಂಡವರಿಗೆ ಆ ನೋಟವನ್ನು ವಿವರಿಸಿ ಹೇಳಬೇಕಾಗಿಲ್ಲ. ಕಾಲವೂ ಸರಿಸುಮಾರು ಅದೇ.

ಆ ತೇವದಲ್ಲಿ ಮೊಳೆತ ಶಿಲೀಂಧ್ರವು ಹಣ್ಣಿನ ಸಿಪ್ಪೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳನ್ನು ಮಾಡುತ್ತದೆ. ಮಧ್ಯಾಹ್ನದ ಬಿಸಿಲು ಮತ್ತು ಗಾಳಿಗೆ ಆ ರಂಧ್ರಗಳ ಮೂಲಕ ನೀರು ಆವಿಯಾಗುತ್ತದೆ. ಹೊನ್ನಿನ ಬಣ್ಣದ ಹಣ್ಣು ಮೊದಲು ಚುಕ್ಕೆಚುಕ್ಕೆಯಾಗಿ, ಬಳಿಕ ನೇರಳೆ ಮಿಶ್ರಿತ ಕಂದಾಗಿ, ಕೊನೆಗೆ ಬೂದಿ ಹಚ್ಚಿದ ಒಣದ್ರಾಕ್ಷಿಯಂತೆ ಸುರುಟಿಕೊಳ್ಳುತ್ತದೆ. ಒಳಗೆ ಉಳಿಯುವುದು ಕೆಲವೇ ಹನಿ ರಸ. ಆ ರಸದಲ್ಲಿ ಸಕ್ಕರೆ ಗಟ್ಟಿಯಾಗಿರುವುದು ಮಾತ್ರವಲ್ಲ, ಶಿಲೀಂಧ್ರವು ತಾನು ಬದುಕಿದ ಗುರುತಾಗಿ ಗ್ಲಿಸರಾಲನ್ನೂ, ಬರಿಯ ದ್ರಾಕ್ಷಿಯಲ್ಲಿಲ್ಲದ ಪರಿಮಳಗಳನ್ನೂ ಬಿಟ್ಟಿರುತ್ತದೆ. ಫ್ರೆಂಚರು ಇದನ್ನು ‘ಕುಲೀನ ಕೊಳೆ’ ಎಂದು ಕರೆಯುತ್ತಾರೆ.

ನಿಮಗೆ ಆಪ್ತವಾಗುವ ಇನ್ನೊಂದು ಸಂಗತಿಯೆಂದರೆ ಕೊಯ್ಲು. ಒಂದೇ ಗೊಂಚಲಿನಲ್ಲಿ ಒಂದು ಹಣ್ಣು ಸುರುಟಿದ್ದರೆ ಅದರ ಪಕ್ಕದ್ದು ಇನ್ನೂ ಉಬ್ಬಿಕೊಂಡಿರುತ್ತದೆ. ಅರೇಬಿಕಾ ತೋಟದಲ್ಲಿ ಫ್ಲೈ ಪಿಕಿಂಗ್ ಸಮಯದಲ್ಲಿ ಸೊಂಟಕ್ಕೆ ಚೀಲ ಕಟ್ಟಿದ ಹೆಂಗಸರು ಹಸಿರು ಕಾಯಿಗೆ ಉಗುರು ತಾಕಿಸದೆ, ಕೆಂಪೇರಿದ ಹಣ್ಣನ್ನು ಮಾತ್ರ ಎರಡು ಬೆರಳಿನಲ್ಲಿ ತಿರುವಿ ಬಿಡಿಸುವುದನ್ನು ನೀವು ನೋಡುತ್ತಲೇ ಇರುತ್ತೀರಿ. ಇಕೆಮ್‌ನಲ್ಲಿಯೂ ಹಾಗೆಯೇ, ಆದರೆ ಇನ್ನೂ ನಿಧಾನವಾಗಿ, ಸಣ್ಣ ಕತ್ತರಿ ಹಿಡಿದು, ಒಂದೇ ಸಾಲಿಗೆ ಐದಾರು ಬಾರಿ ಮರಳಿ ಬರುತ್ತಾರೆ. ಸೆಪ್ಟೆಂಬರಿನಲ್ಲಿ ಆರಂಭವಾದ ಕೆಲಸ ಕೆಲವು ವರ್ಷ ನವೆಂಬರ್ ದಾಟುವುದೂ ಉಂಟು. ಮಳೆ ಬಂದರೆ ನಿಲ್ಲಿಸುತ್ತಾರೆ, ಒಣಗಿದರೆ ಮತ್ತೆ ಹೊರಡುತ್ತಾರೆ. ಜೇಡಿಮಣ್ಣಿನ ನೆಲದಲ್ಲಿ ನೀರು ನಿಲ್ಲದಿರಲೆಂದು 19ನೇ ಶತಮಾನದಲ್ಲಿಯೇ ಸುಮಾರು 100 ಕಿಲೋಮೀಟರ್ ಉದ್ದದ ಕೊಳವೆಗಳನ್ನು ತೋಟದ ಅಡಿಯಲ್ಲಿ ಹೂಳಲಾಗಿದೆ. ಚರಂಡಿಗೆ ಹಣ ಸುರಿದ ಬೆಳೆಗಾರನ ವಿವೇಕವನ್ನು ಕೊಡಗಿನವರು ಅರ್ಥಮಾಡಿಕೊಳ್ಳುವಷ್ಟು ಬೇರೆಯವರು ಮಾಡಿಕೊಳ್ಳಲಾರರು.

ಪ್ರಶ್ನೆ: ಮನೆಯಲ್ಲಿ ನಾನು ನೆಲ್ಲಿಕಾಯಿ, ದ್ರಾಕ್ಷಿ, ಪ್ಯಾಷನ್ ಫ್ರೂಟ್ ವೈನ್ ಮಾಡುತ್ತೇನೆ. ಹಣ್ಣಿನ ತೂಕಕ್ಕೆ ಸರಿಯಾಗಿ ಸಕ್ಕರೆ ಹಾಕದಿದ್ದರೆ ಸಿಹಿ ನಿಲ್ಲುವುದಿಲ್ಲ. ಅವರು ಎಷ್ಟು ಹಾಕುತ್ತಾರೆ? (ಗೃಹಿಣಿ, ಮಡಿಕೇರಿ)

ಉತ್ತರ: ಆ ಸಿಹಿಯೆಲ್ಲವೂ ದ್ರಾಕ್ಷಿಯದ್ದೇ, ಚೀಲದ ಸಕ್ಕರೆಯದ್ದಲ್ಲ. ಇದನ್ನು ಅರ್ಥಮಾಡಿಕೊಳ್ಳಲು ನಿಮ್ಮ ಅಡುಗೆಮನೆಯ ಕಾಚಂಪುಳಿಯ ಭರಣಿಯನ್ನೇ ನೋಡಿ. ಮಳೆಗಾಲದಲ್ಲಿ ಪಣಂಪುಳಿ ಹಣ್ಣನ್ನು ಬುಟ್ಟಿಯಲ್ಲಿ ಪೇರಿಸಿ, ಅದು ಮೆತ್ತಗಾಗಿ ತಾನೇ ರಸ ಬಿಡುವವರೆಗೆ ಕಾದು, ತೊಟ್ಟಿಕ್ಕಿದ ರಸವನ್ನು ಕಪ್ಪಗೆ ಮಂದವಾಗುವವರೆಗೂ ಬತ್ತಿಸುತ್ತಾರೆ. ಅಷ್ಟು ಹಣ್ಣಿನ ಹುಳಿ ಒಂದು ಸಣ್ಣ ಸೀಸೆಯಲ್ಲಿ ನಿಲ್ಲುವುದು ನೀರು ಹೋದದ್ದರಿಂದ. ಸೊತೆರ್ನಿನಲ್ಲಿ ನೀರನ್ನು ತೆಗೆಯುವುದು ಒಲೆಯಲ್ಲ, ಬಳ್ಳಿಯ ಮೇಲೆಯೇ ಶಿಲೀಂಧ್ರವೂ ಬಿಸಿಲೂ ಸೇರಿ ತೆಗೆಯುತ್ತವೆ. ಬೆಂಕಿ ಕಾಣದ್ದರಿಂದ ಹಣ್ಣಿನ ಪರಿಮಳ ಉಳಿಯುತ್ತದೆ.

ಹಾಗೆ ಹಿಂಡಿದ ರಸದಲ್ಲಿ ಲೀಟರಿಗೆ ಸುಮಾರು 350 ಗ್ರಾಂ ಸಕ್ಕರೆ ಇರುತ್ತದೆ. ಯೀಸ್ಟ್ ಆ ಸಕ್ಕರೆಯನ್ನು ತಿಂದು ಮದ್ಯಸಾರ ಮಾಡುತ್ತಾ ಹೋಗಿ, ಶೇಕಡಾ 14ರ ಹತ್ತಿರ ಬರುವಾಗ ತಾನೇ ಮಾಡಿದ ಮದ್ಯಸಾರವನ್ನೂ ಉಳಿದ ಸಕ್ಕರೆಯ ಭಾರವನ್ನೂ ತಾಳಲಾರದೆ ಸೋಲುತ್ತದೆ. ಆಗ ಲೀಟರಿಗೆ 120 ಗ್ರಾಂ ಅಥವಾ ಅದಕ್ಕೂ ಹೆಚ್ಚು ಸಕ್ಕರೆ ಹಾಗೆಯೇ ಉಳಿದುಬಿಡುತ್ತದೆ. ಆಮೇಲೆ ಹೊಸ ಓಕ್ ಮರದ ಪೀಪಾಯಿಗಳಲ್ಲಿ ಸುಮಾರು ಎರಡು ವರ್ಷ ಇರಿಸುತ್ತಾರೆ. ನಿಮ್ಮ ಭರಣಿಯಲ್ಲಿ ಸಿಹಿ ನಿಲ್ಲದಿರಲು ಕಾರಣ ನಿಮ್ಮ ಕೈಗುಣವಲ್ಲ. ನೀರು ತುಂಬಿದ ಹಣ್ಣಿನಲ್ಲಿರುವ ಸಕ್ಕರೆಯನ್ನೆಲ್ಲ ಯೀಸ್ಟ್ ಸುಲಭವಾಗಿ ಮುಗಿಸಿಬಿಡುತ್ತದೆ. ನೆಲ್ಲಿಕಾಯಿಗಂತೂ ತನ್ನದೆಂಬ ಸಕ್ಕರೆ ಬಹಳ ಕಡಿಮೆ. ಆದ್ದರಿಂದ ನೀವು ಸಕ್ಕರೆ ಹಾಕುವುದು ತಪ್ಪೇನೂ ಅಲ್ಲ, ಆ ಹಣ್ಣಿಗೆ ಅದೇ ಸರಿಯಾದ ದಾರಿ.

ಪ್ರಶ್ನೆ: ಸಂತೆಯಿಂದ ತಂದ ದ್ರಾಕ್ಷಿಯನ್ನು ಬೂಷ್ಟು ಹಿಡಿಯಲು ಬಿಟ್ಟು ನಾವೂ ಇಂಥ ವೈನ್ ಮಾಡಬಹುದೇ? (ವಿದ್ಯಾರ್ಥಿ, ಸೋಮವಾರಪೇಟೆ)

ಉತ್ತರ: ದಯವಿಟ್ಟು ಬೇಡ. ಬುಟ್ಟಿಯಲ್ಲಿಟ್ಟ ಹಣ್ಣಿಗೆ ನಮ್ಮ ಹವೆಯಲ್ಲಿ ಹಿಡಿಯುವ ಹಸಿರು, ಕಪ್ಪು ಬೂಷ್ಟುಗಳಲ್ಲಿ ಕೆಲವು ವಿಷವನ್ನು ಉಂಟುಮಾಡುತ್ತವೆ; ಹುದುಗಿಸಿದ ಮಾತ್ರಕ್ಕೆ ಆ ವಿಷ ಹೋಗುವುದಿಲ್ಲ. ಇಕೆಮ್‌ನ ಕೊಯ್ಲಿನವರು ಕೂಡ ಪ್ರತಿ ಹಣ್ಣನ್ನು ನೋಡಿ, ಬೇಡದ ಕೊಳೆ ಹಿಡಿದದ್ದನ್ನು ಅಲ್ಲಿಯೇ ಕತ್ತರಿಸಿ ಬಿಸಾಡುತ್ತಾರೆ. ಮನೆಯ ವೈನಿಗೆ ಗಟ್ಟಿಯಾದ, ಮೇಲಿನ ನೀರಿನ ಪಸೆ ಆರಿಸಿದ, ಒಂದು ಚುಕ್ಕೆಯೂ ಇಲ್ಲದ ಹಣ್ಣನ್ನು ಮಾತ್ರ ಬಳಸಿ.

ಪ್ರಶ್ನೆ: ಒಂದು ಸೀಸೆಗೆ ಅಷ್ಟೊಂದು ಬೆಲೆ ಏಕೆ? ಅದು ಬರಿಯ ಹೆಸರಿನ ಬೆಲೆಯಲ್ಲವೇ? (ನಿವೃತ್ತ ಶಿಕ್ಷಕರು, ಗೋಣಿಕೊಪ್ಪ)

ಉತ್ತರ: ಹೆಸರಿನ ಪಾಲು ಇದೆ, ಅದನ್ನು ಅಲ್ಲಗಳೆಯುವುದಿಲ್ಲ. ಸೋವಾಜ್ ಮನೆತನದ ಕೈಗೆ ಈ ತೋಟ 1593ರಲ್ಲಿ ಬಂತು. 1785ರಲ್ಲಿ ಆ ಮನೆಯ ಮಗಳ ಮದುವೆಯ ಮೂಲಕ ಲ್ಯೂರ್ ಸಲೂಸ್ ಮನೆತನಕ್ಕೆ ಸೇರಿತು. 1999ರಲ್ಲಿ ಐಷಾರಾಮಿ ವಸ್ತುಗಳ ಫ್ರೆಂಚ್ ಕಂಪನಿ ಎಲ್‌ವಿಎಂಎಚ್‌ನ ಒಡೆತನಕ್ಕೆ ಹೋಯಿತು. ಮುಂದೆ ಅಮೆರಿಕದ ಅಧ್ಯಕ್ಷರಾದ ಥಾಮಸ್ ಜೆಫರ್ಸನ್ ಫ್ರಾನ್ಸಿನಲ್ಲಿ ರಾಯಭಾರಿಯಾಗಿದ್ದಾಗ 1784ನೇ ಇಸವಿಯ ಫಸಲಿನ 250 ಸೀಸೆಗಳನ್ನು ಇಲ್ಲಿಂದ ತರಿಸಿಕೊಂಡರು. 1855ರಲ್ಲಿ ಪ್ಯಾರಿಸ್ಸಿನ ಪ್ರದರ್ಶನಕ್ಕಾಗಿ ಬೋರ್ಡೋ ವೈನ್‌ಗಳ ಶ್ರೇಣಿ ಗೊತ್ತುಮಾಡಿದಾಗ, ಸಿಹಿ ವೈನ್‌ಗಳಲ್ಲಿ ಮೊದಲ ಶ್ರೇಣಿಗೂ ಮೇಲಿನ ಸ್ಥಾನವೊಂದನ್ನು ಈ ಒಂದೇ ತೋಟಕ್ಕೆ ಕೊಟ್ಟರು. 1811ರ ಒಂದು ಸೀಸೆ 2011ರಲ್ಲಿ ಲಂಡನ್ನಿನಲ್ಲಿ 75,000 ಪೌಂಡಿಗೆ ಮಾರಾಟವಾಯಿತು.

ಆದರೆ ನನ್ನ ಮಟ್ಟಿಗೆ ಬೆಲೆಯ ನಿಜವಾದ ಕಾರಣ ಇಳುವರಿಯಲ್ಲಿದೆ. ಅಲ್ಲಿ ಹೆಕ್ಟೇರಿಗೆ ಸರಾಸರಿ ಸಿಗುವುದು 900 ಲೀಟರ್, ಎಂದರೆ ನಮ್ಮ ಎಕರೆ ಲೆಕ್ಕದಲ್ಲಿ 365 ಲೀಟರಿನಷ್ಟು. ಒಂದು ಬಳ್ಳಿಗೆ ಒಂದು ಗ್ಲಾಸ್ ಎಂದು ಅಲ್ಲಿಯವರು ಹೇಳುವುದು ಅತಿಶಯೋಕ್ತಿಯಲ್ಲ. ಅದೇ ಸೀಮೆಯ ಕೆಂಪು ವೈನಿನ ತೋಟಗಳು ಇದರ ನಾಲ್ಕೈದು ಪಟ್ಟು ತೆಗೆಯುತ್ತವೆ. ಇದಕ್ಕಿಂತ ದೊಡ್ಡದು ತಮ್ಮ ಮಟ್ಟಕ್ಕೆ ಬಾರದ ವರ್ಷದಲ್ಲಿ ಸಿಹಿ ವೈನನ್ನೇ ಹೊರತರದಿರುವ ಅವರ ಕಟ್ಟುನಿಟ್ಟು. 20ನೇ ಶತಮಾನದಲ್ಲಿ 1910, 1915, 1930, 1951, 1952, 1964, 1972, 1974, 1992 ಹೀಗೆ ಒಂಬತ್ತು ವರ್ಷ, ಆಮೇಲೆ 2012ರಲ್ಲಿ ಮತ್ತೊಮ್ಮೆ, ಇಕೆಮ್ ಎಂಬ ಹೆಸರಿನ ಸಿಹಿ ವೈನ್ ಬರಲೇ ಇಲ್ಲ. ಒಂದು ವರ್ಷದ ಫಸಲನ್ನು ಕೈಬಿಡುವುದೆಂದರೆ ಏನೆಂದು ಹೂಮಳೆ ತಪ್ಪಿದ ವರ್ಷವನ್ನು ಕಂಡ ಯಾವ ಕಾಫಿ ಬೆಳೆಗಾರನನ್ನು ಕೇಳಿದರೂ ಹೇಳುತ್ತಾನೆ. ನಮ್ಮಲ್ಲಿ ಫಸಲು ಕೈಬಿಟ್ಟುಹೋಗುತ್ತದೆ; ಅಲ್ಲಿ ಸೀಸೆಗೆ ತುಂಬಬಹುದಾಗಿದ್ದ ವೈನನ್ನೂ ತಾವಾಗಿಯೇ ಬೇಡವೆನ್ನುತ್ತಾರೆ. ಆ ನಿರಾಕರಣೆಯನ್ನು ನಾನು ಆ ತೋಟದ ಅತಿ ದೊಡ್ಡ ಗುಣವೆಂದು ಎಣಿಸುತ್ತೇನೆ.

ಪ್ರಶ್ನೆ: ಫ್ರಾನ್ಸಿನಲ್ಲಿರುವ ಮಗ ಹತ್ತು ವರ್ಷದ ಹಿಂದೆ ಸೊತೆರ್ನಿನ ಅರ್ಧ ಸೀಸೆ ತಂದುಕೊಟ್ಟಿದ್ದ. ಇಕೆಮ್ ಅಲ್ಲ, ಅದರ ನೆರೆಯ ತೋಟದ್ದು. ಈಗ ಬಣ್ಣ ಗಾಢವಾಗಿದೆ. ಕೆಟ್ಟಿರಬಹುದೇ? ಯಾವುದರ ಜೊತೆ ಕುಡಿಯಬೇಕು? (ಓದುಗರು, ಪೊನ್ನಂಪೇಟೆ)

ಉತ್ತರ: ಬಣ್ಣಕ್ಕೆ ಹೆದರಬೇಡಿ. ಎಳೆಯದಿದ್ದಾಗ ತಿಳಿ ಹೊನ್ನಿನಂತಿರುವ ಈ ವೈನ್ ವಯಸ್ಸಾದಂತೆ ಜೇನಿನ ಬಣ್ಣಕ್ಕೆ, ಇನ್ನೂ ಹಳತಾದರೆ ಚಹಾದ ಬಣ್ಣಕ್ಕೆ ತಿರುಗುವುದು ಸಹಜ. ಸಕ್ಕರೆ ಮತ್ತು ಹುಳಿಯ ಬಲದಿಂದ ಒಳ್ಳೆಯ ವರ್ಷದ ಸೊತೆರ್ನ್ ಹಲವು ದಶಕ ಬಾಳುತ್ತದೆ. ಸೀಸೆಯನ್ನು ಮಲಗಿಸಿ, ಬೆಳಕು ಬೀಳದ ತಣ್ಣನೆಯ ಜಾಗದಲ್ಲಿ ಇಟ್ಟಿದ್ದರೆ ಸಾಕು. ತೆರೆದಾಗ ವಿನೆಗರಿನ ಘಾಟು ಬಂದರೆ ಕೆಟ್ಟಿದೆ ಎಂದು ತಿಳಿಯಿರಿ.

ನಾನು ಕುಡಿದದ್ದೂ ಇಕೆಮ್ ಅಲ್ಲ, ನಿಮ್ಮ ಹಾಗೆ ಅದರ ನೆರೆಯ ತೋಟದ ಒಂದು ಸೀಸೆ. ಮಡಿಕೇರಿಯ ಸ್ನೇಹಿತರೊಬ್ಬರ ಮನೆಯ ಜಗಲಿಯಲ್ಲಿ ಪುತ್ತರಿಯ ಮರುದಿನ ಸಂಜೆ ಆರು ಮಂದಿ ಹಂಚಿಕೊಂಡೆವು. ಗ್ಲಾಸನ್ನು ಮೂಗಿನ ಹತ್ತಿರ ತಂದಾಗ ಮೊದಲು ಬಂದದ್ದು ಕಾಡುಜೇನು, ಆಮೇಲೆ ಕೊಡಗಿನ ಕಿತ್ತಳೆಯ ಸಿಪ್ಪೆಯನ್ನು ಮಡಿಸಿ ಹಿಂಡಿದಾಗ ಚಿಮ್ಮುವ ಎಣ್ಣೆಯ ವಾಸನೆ, ಕೊನೆಗೆ ತುಸು ಕೇಸರಿ. ಅಷ್ಟು ಸಿಹಿಯಾಗಿದ್ದೂ ನಾಲಗೆಗೆ ಅಂಟಲಿಲ್ಲ. ನುಂಗಿದ ಮೇಲೆ ನಿಂಬೆಯಂಥ ಹುಳಿ ಬಂದು ಬಾಯಿಯನ್ನು ತೊಳೆದುಬಿಟ್ಟಿತು.

ಅದರ ಜೊತೆಗೆ ಪಾಯಸ, ಹೋಳಿಗೆ ಬೇಡ. ಅವುಗಳ ಸಿಹಿಯ ಮುಂದೆ ವೈನ್ ಸಪ್ಪೆಯಾಗುತ್ತದೆ. ಫ್ರೆಂಚರು ಇದಕ್ಕೆ ರೋಕ್‌ಫೋರ್‌ನಂಥ ಉಪ್ಪುಪ್ಪಾದ ಚೀಸನ್ನೋ ಬಾತುಕೋಳಿಯ ಕೊಬ್ಬಿದ ಯಕೃತ್ತನ್ನೋ ಜೊತೆಮಾಡುತ್ತಾರೆ. ಉಪ್ಪು ಮತ್ತು ಕೊಬ್ಬು ಎರಡೂ ಇರುವುದರಿಂದ ಪಂದಿಕರಿ ಹೊಂದೀತೆಂದು ನಿಮಗೆ ತೋರಬಹುದು, ನಮಗೂ ತೋರಿತ್ತು. ಆದರೆ ಕಾಚಂಪುಳಿಯ ಹುಳಿಗೂ ಕಾಳುಮೆಣಸಿನ ಖಾರಕ್ಕೂ ಆ ಪರಿಮಳ ನಿಲ್ಲಲಿಲ್ಲ. ಹುರಿದು ಉಪ್ಪು ಸವರಿದ ಗೇರುಬೀಜ ಅದಕ್ಕಿಂತ ಎಷ್ಟೋ ಚೆನ್ನಾಗಿ ಒಗ್ಗಿತು. ಫ್ರಿಜ್ಜಿನಿಂದ ತೆಗೆದು ಕಾಲು ಗಂಟೆ ಬಿಟ್ಟು, ಸಣ್ಣ ಗ್ಲಾಸಿನಲ್ಲಿ ಎರಡೆರಡು ಗುಟುಕು ಹಂಚಿ. ಉಳಿದರೆ ಬಿರಡೆ ಹಾಕಿ ಮತ್ತೆ ಫ್ರಿಜ್ಜಿನಲ್ಲಿಡಿ, ಒಂದು ವಾರ ಧಾರಾಳವಾಗಿ ಇರುತ್ತದೆ.