ಪ್ರೀಮಿಯರ್ ಪದ್ಮಿನಿ ಬಿಸಿಲಲ್ಲಿ ನಿಂತುಬಿಡುತ್ತೆ, ಪಂಪು ಬದಲಿಸಬೇಕಾ?

ನೀವು ಬರೆದದ್ದು ಇಷ್ಟು: ಮೂರು ವರ್ಷ ಶೆಡ್ಡಿನಲ್ಲಿ ನಿಂತಿದ್ದ ಅಪ್ಪನ ಪದ್ಮಿನಿ ಕಾರು ಬೆಳಗ್ಗೆ ಸಲೀಸಾಗಿ ಓಡುತ್ತೆ. ಮಧ್ಯಾಹ್ನ ಗಂಗಾವತಿಯಿಂದ ಸಿಂಧನೂರಿಗೆ ಹೊರಟರೆ ಕಾರಟಗಿ ಬರುವಷ್ಟರಲ್ಲಿ ಜಗ್ಗಾಡಿ ನಿಲ್ಲುತ್ತೆ, ಅರ್ಧ ಗಂಟೆ ಬಿಟ್ಟರೆ ಏನೂ ಆಗದ ಹಾಗೆ ಸ್ಟಾರ್ಟ್ ಆಗುತ್ತೆ. ಮೆಕ್ಯಾನಿಕ್ ಪಂಪು, ಅಂದರೆ ಟ್ಯಾಂಕಿನ ಪೆಟ್ರೋಲನ್ನು ಎಂಜಿನ್ನಿಗೆ ತಳ್ಳೋ ಪಂಪು, ಬದಲಿಸಿ ಅಂತಿದ್ದಾರೆ.

ಈಗಲೇ ಬದಲಿಸಬೇಡಿ. ಈ ಲಕ್ಷಣಕ್ಕೆ ಕನಿಷ್ಠ ನಾಲ್ಕು ಕಾರಣ ಇವೆ: ಟ್ಯಾಂಕಿನ ಗಾಳಿರಂಧ್ರ ಮುಚ್ಚಿರೋದು, ಟ್ಯಾಂಕಿನೊಳಗಿನ ಕಸ, ಪೆಟ್ರೋಲು ಪಂಪಿನಲ್ಲೇ ಆವಿಯಾಗೋದು, ಬಿಸಿಗೆ ಕೈಕೊಡೋ ಕಾಯಿಲ್ ಅಥವಾ ಕಂಡೆನ್ಸರ್ (ಪ್ಲಗ್ಗಿಗೆ ಕಿಡಿ ಹುಟ್ಟಿಸೋ ಭಾಗಗಳು). ನಾಲ್ಕೂ ಹೊರಗಿನಿಂದ ಒಂದೇ ಥರ ಕಾಣುತ್ತವೆ. ಯಾವುದು ಅಂತ ಗೊತ್ತಾಗೋದು ಗಾಡಿ ನಿಂತ ಮೊದಲ ಎರಡು ಮೂರು ನಿಮಿಷದಲ್ಲಿ. ತಣ್ಣಗಾದ ಮೇಲೆ ಗ್ಯಾರೇಜಿಗೆ ಒಯ್ದರೆ ಸಾಕ್ಷಿಯೇ ಉಳಿದಿರಲ್ಲ.

ಹಾಗಾಗಿ ಮುಂದಿನ ಸಲ ನಿಂತ ತಕ್ಷಣ, ಬಾನೆಟ್ ಎತ್ತುವ ಮೊದಲು ಟ್ಯಾಂಕಿನ ಮುಚ್ಚಳ ತೆಗೆಯಿರಿ. ಸುಸ್ಸೆಂದು ಗಾಳಿ ಒಳಗೆ ಎಳೆದುಕೊಂಡು, ಗಾಡಿ ಆಗಲೇ ಸ್ಟಾರ್ಟ್ ಆದರೆ ಉತ್ತರ ಸಿಕ್ಕಿತು. ಪೆಟ್ರೋಲು ಖರ್ಚಾದಷ್ಟು ಗಾಳಿ ಒಳಗೆ ಬರಬೇಕು, ಬರದಿದ್ದರೆ ಟ್ಯಾಂಕಿನಲ್ಲಿ ನಿರ್ವಾತ ಹೆಚ್ಚಿ ಪಂಪು ಸೋಲುತ್ತೆ. ಅರ್ಧ ಗಂಟೆಯಲ್ಲಿ ಗಾಳಿ ಹೇಗೋ ನುಸುಳುತ್ತೆ, ನೀವು 'ತಣ್ಣಗಾಯ್ತು' ಅಂದುಕೊಳ್ತೀರಿ. ನಿಮ್ಮ ಕಡೆ ರೈಸ್‌ಮಿಲ್ ಹೊಟ್ಟಿನ ಧೂಳು, ಸಂಡೂರು ಕಡೆ ಹೋದರೆ ಅದಿರಿನ ಕೆಂಪು ಧೂಳು. ಸೂಜಿಮೊನೆಯಷ್ಟಿರೋ ರಂಧ್ರ ಮುಚ್ಚೋಕೆ ಎರಡರಲ್ಲಿ ಒಂದು ಸಾಕು. ಕಳೆದುಹೋದ ಮುಚ್ಚಳದ ಬದಲು ರಂಧ್ರವೇ ಇಲ್ಲದ ಬೇರೆ ಗಾಡಿಯ ಮುಚ್ಚಳ ಹಾಕಿರೋದೂ ಉಂಟು.

ಮುಚ್ಚಳದಿಂದ ಏನೂ ಆಗದಿದ್ದರೆ ಏರ್ ಕ್ಲೀನರ್ ಬಿಚ್ಚಿ, ಗಾಳಿಗೆ ಪೆಟ್ರೋಲು ಬೆರೆಸೋ ಕಾರ್ಬುರೇಟರ್‌ನ ಗಂಟಲಿನೊಳಗೆ ನೋಡ್ತಾ ಕೈಯಿಂದ ಆಕ್ಸಿಲರೇಟರ್ ಸರಳು ಎಳೆಯಿರಿ. ಇಗ್ನಿಷನ್ ಆಫ್ ಇರಲಿ, ಬೀಡಿ ಸಿಗರೇಟು ದೂರ ಇರಲಿ. ದಾರದಂಥ ಒಂದು ಧಾರೆ ಚಿಮ್ಮಿದರೆ ಕಾರ್ಬುರೇಟರ್‌ನ ಬಟ್ಟಲಲ್ಲಿ ಪೆಟ್ರೋಲು ಇದೆ, ನೀವು ಹುಡುಕಬೇಕಾದದ್ದು ಕಾಯಿಲ್ ಮತ್ತು ಕಂಡೆನ್ಸರ್ ಹತ್ತಿರ. ಈ ಒಂದು ನೋಟ ನೋಡದೆ ಎಷ್ಟೋ ಒಳ್ಳೇ ಪಂಪುಗಳನ್ನು ಗುಜರಿಗೆ ಹಾಕ್ತಾರೆ.

ಧಾರೆ ಬರಲಿಲ್ಲ ಅಂದರೆ ಬಟ್ಟಲು ಖಾಲಿ. ಆಗ ಒದ್ದೆ ಬಟ್ಟೆಯನ್ನು ಪಂಪಿನ ಮೇಲೆ ಹಾಕಿ ಎರಡು ನಿಮಿಷ ಕಾಯಿರಿ (ಎಂಜಿನ್ನಿನ ಹೊಗೆ ಹೊರಹೋಗೋ ಕಾದ ಮ್ಯಾನಿಫೋಲ್ಡ್ ಮೇಲೆ ನೀರು ಬೀಳಬಾರದು, ಬಿರುಕು ಬಿಡುತ್ತೆ). ಅಷ್ಟರಲ್ಲೇ ಸ್ಟಾರ್ಟ್ ಆದರೆ ಅದು ವೇಪರ್ ಲಾಕ್: ಪೆಟ್ರೋಲು ಪಂಪಿನಲ್ಲೋ ಪೈಪಿನಲ್ಲೋ ಆವಿಯಾಗಿದೆ, ಪಂಪು ಆವಿಯನ್ನು ಅದುಮುತ್ತೆ ಹೊರತು ಮುಂದೆ ತಳ್ಳಲ್ಲ. ಪಂಪು ಎಂಜಿನ್ನಿಗೇ ಅಂಟಿಕೊಂಡಿರೋದರಿಂದ, ಅದರ ಹಿಂದಿನ, ಅಂದರೆ ಟ್ಯಾಂಕಿನ ಕಡೆಯ ಪೈಪಿನಲ್ಲಿ ಒತ್ತಡ ಕಡಿಮೆ ಇರೋದರಿಂದ ಅಲ್ಲಿ ಕುದಿಯೋದು ಬೇಗ. 42 ಡಿಗ್ರಿ ಬಿಸಿಲು, ಜೊತೆಗೆ ಎಥೆನಾಲ್ ಬೆರೆಸಿದ ಪೆಟ್ರೋಲು. ಇಬ್ಬರೂ ಸೇರಿ ಅದನ್ನು ಸುಲಭ ಮಾಡಿಕೊಡ್ತಾರೆ. ಪಂಪಿನ ಬುಡದಲ್ಲಿ, ಕಾರ್ಬುರೇಟರ್ ಬುಡದಲ್ಲಿ ದಪ್ಪ ಬೇಕಲೈಟ್ ತುಂಡು ಇದ್ದರೆ ಅದನ್ನು ತೆಗೆದು ಬರೀ ಪೇಪರ್ ಗ್ಯಾಸ್ಕೆಟ್ ಹಾಕಲು ಬಿಡಬೇಡಿ. ಅದು ಶಾಖ ತಡೆಯೋಕೇ ಇರೋದು. ಪಂಪಿನ ಬುಡದ್ದು ದಪ್ಪ ಬದಲಾದರೆ ಪಂಪು ನಡೆಸೋ ಲಿವರ್‌ನ ಹೊಡೆತವೂ ಬದಲಾಗುತ್ತೆ.

ಇನ್ನು ಮನೆಯಲ್ಲಿ ಮಾಡಬೇಕಾದ ಪರೀಕ್ಷೆ. ಕಾಯಿಲ್‌ನ ಸಣ್ಣ ವೈರ್ ತೆಗೆದಿಡಿ. ಕಾರ್ಬುರೇಟರ್‌ಗೆ ಹೋಗುವ ಹೋಸ್ ಬಿಚ್ಚಿ ಗಾಜಿನ ಬಾಟಲಿಗೆ ಇಳಿಬಿಡಿ, ತುದಿ ಸ್ವಲ್ಪ ಪೆಟ್ರೋಲಿನಲ್ಲಿ ಮುಳುಗಿರಲಿ. ಇನ್ನೊಬ್ಬರು 10-15 ಸೆಕೆಂಡು ಸೆಲ್ಫ್ ಹೊಡೆಯಲಿ. ತಡೆದು ತಡೆದು, ಪ್ರತಿ ಸಲ ಬಲವಾಗಿ ಚಿಮ್ಮಬೇಕು. ಗುಳ್ಳೆಗಳು ನಿಲ್ಲದೆ ಬರುತ್ತಿದ್ದರೆ ಪಂಪಿನ ಹಿಂದೆ ಎಲ್ಲೋ ಗಾಳಿ ಎಳೆಯುತ್ತಿದೆ. ಅಲ್ಲಿ ಪೆಟ್ರೋಲು ಸೋರಲ್ಲ, ಗಾಳಿ ಮಾತ್ರ ಒಳಗೆ ಹೋಗುತ್ತೆ, ಅದಕ್ಕೇ ಕಣ್ಣಿಗೆ ಬೀಳಲ್ಲ. ಧಾರೆ ಬಡಕಲಾಗಿದ್ದರೆ ಪಂಪಿನ ಹಿಂದಿನ ಹೋಸನ್ನು ಶುದ್ಧ ಪೆಟ್ರೋಲಿನ ಕ್ಯಾನಿಗೆ ಅದ್ದಿ ಮತ್ತೆ ನೋಡಿ. ಕ್ಯಾನಿನಿಂದ ಚೆನ್ನಾಗಿ ಬಂದರೆ ಪಂಪು ನಿರಪರಾಧಿ. ಕ್ಯಾನಿನಿಂದಲೂ ಬರದಿದ್ದರೆ ಮೆಕ್ಯಾನಿಕ್ ಹೇಳಿದ್ದು ಸರಿ. ಆಯಿಲ್ ಕಡ್ಡಿಯನ್ನೂ ಎಳೆದು ಮೂಸಿ ನೋಡಿ: ಪೆಟ್ರೋಲು ವಾಸನೆ ಬಂದು ಮಟ್ಟ ಏರಿದ್ದರೆ ಪಂಪಿನೊಳಗಿನ ಡಯಾಫ್ರಮ್ (ಪೆಟ್ರೋಲು ತಳ್ಳೋ ಪರದೆ) ಹರಿದು ಪೆಟ್ರೋಲು ಎಂಜಿನ್ ಆಯಿಲಿನ ಸಂಪ್‌ನೊಳಗೆ ಇಳಿಯುತ್ತಿರಬಹುದು. ಹಾಗಿದ್ದರೆ ಗಾಡಿ ಓಡಿಸಬೇಡಿ, ಬೇರಿಂಗ್ ಹೋಗುತ್ತೆ.

ಮೂರು ವರ್ಷ ನಿಂತ ಗಾಡಿ ಅಂದಮೇಲೆ ನನ್ನ ಅನುಮಾನ ಮೊದಲು ಟ್ಯಾಂಕಿನ ಮೇಲೆ. ಹಳಸಿದ ಪೆಟ್ರೋಲು ವಾರ್ನಿಷ್ ವಾಸನೆ ಹೊಡೆಯುತ್ತೆ. ಅದನ್ನು ಹೊಸದಕ್ಕೆ ಬೆರೆಸಿ ಸುಡೋ ಉಳಿತಾಯ ಬೇಡ. ಪೂರ್ತಿ ಇಳಿಸಿ ಬಿಳಿ ಬಟ್ಟೆಯಲ್ಲಿ ಸೋಸಿ. ಕುಂಕುಮದಂಥ ನುಣ್ಣನೆ ಪುಡಿ ಬಂದರೆ ಹೊರಗಿನ ಧೂಳಿರಬಹುದು, ಚಕ್ಕೆ ಚಕ್ಕೆಯಾಗಿ ಬಂದರೆ ಟ್ಯಾಂಕೇ ತುಕ್ಕು ಹಿಡಿದಿದೆ. ಆ ಚಕ್ಕೆ ಓಡುವಾಗ ಪೈಪಿನ ಬಾಯಿಗೆ ಅಂಟುತ್ತೆ, ನಿಂತಾಗ ಜಾರಿ ಕೆಳಗೆ ಬೀಳುತ್ತೆ. ಟ್ಯಾಂಕ್ ಬಿಚ್ಚಿ, ಒಂದು ಹಿಡಿ ಸಣ್ಣ ನಟ್ಟು ಮತ್ತು ಸೀಮೆಎಣ್ಣೆ ಹಾಕಿ ಅಲುಗಾಡಿಸಿ ತೊಳೆಯಿರಿ, ನಟ್ಟು ಎಣಿಸಿ ಹಾಕಿ ಎಣಿಸಿ ತೆಗೆಯಿರಿ. ತೂತು ಕಂಡರೆ ವೆಲ್ಡಿಂಗ್ ಅಂಗಡಿಗೆ ಹಾಗೇ ಒಯ್ಯಬೇಡಿ. ತುಂಬಿದ ಟ್ಯಾಂಕಿಗಿಂತ ಆವಿ ಉಳಿದ ಖಾಲಿ ಟ್ಯಾಂಕು ಅಪಾಯ.

ರಬ್ಬರ್ ಹೋಸುಗಳನ್ನು ಪರೀಕ್ಷೆ ಮಾಡ್ತಾ ಕೂರಬೇಡಿ, ಎಲ್ಲವನ್ನೂ ಒಟ್ಟಿಗೆ ಬದಲಿಸಿ. 2023ರಿಂದ ಬಂಕುಗಳಿಗೆ ಬರತೊಡಗಿದ ಇ20 (ಶೇ 20 ಎಥೆನಾಲ್ ಬೆರೆಸಿದ) ಪೆಟ್ರೋಲಿಗೆ ಹಳೇ ರಬ್ಬರ್ ತಡೆಯಲ್ಲ: ಉಬ್ಬಿ ಮೆತ್ತಗಾಗುತ್ತೆ, ಇಲ್ಲವೇ ಒಳಗಿನಿಂದ ಸಿಪ್ಪೆ ಏಳುತ್ತೆ. ಹೋಸಿನ ಮೇಲೆ 'ಎಸ್‌ಎಇ ಜೆ30 ಆರ್9' ಅಂತ, ಪೆಟ್ರೋಲು ಹೋಸಿನ ಗುಣಮಟ್ಟದ ಗುರುತು, ಅಚ್ಚಾಗಿರಬೇಕು. ಬಳ್ಳಾರಿಯ ದೊಡ್ಡ ಸ್ಪೇರ್ ಅಂಗಡಿಗೆ ಹೋದಾಗ ಹಳೇ ತುಂಡನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ, ಒಳವ್ಯಾಸ ಅಳತೆ ಮಾಡಿಸಿ. ಪಾರದರ್ಶಕ ಪ್ಲಾಸ್ಟಿಕ್ ಪೈಪು ಚೆಂದ ಕಾಣುತ್ತೆ, ಆರು ತಿಂಗಳಲ್ಲಿ ಗಾಜಿನಂತಾಗಿ ಸೀಳುತ್ತೆ. ಫಿಲ್ಟರ್ ಟ್ಯಾಂಕಿಗೂ ಪಂಪಿಗೂ ನಡುವೆ, ಸೈಲೆನ್ಸರ್ ಪೈಪಿನಿಂದ ದೂರ, ಬಾಣದ ಗುರುತು ಎಂಜಿನ್ ಕಡೆಗೆ.

ಕಾರ್ಬುರೇಟರ್ ಕೊನೆಗೆ. ಪೆಟ್ರೋಲು ಒಳಹೋಗುವ ನಟ್ಟಿನ ಹಿಂದೆ ಸಣ್ಣ ಜಾಲರಿ ಇದ್ದರೆ ತೊಳೆಯಿರಿ. ಬಟ್ಟಲಲ್ಲಿ ತೇಲೋ ಫ್ಲೋಟನ್ನು ಕಿವಿಯ ಹತ್ತಿರ ಅಲುಗಾಡಿಸಿ, ಒಳಗೆ ಗುಳುಗುಳು ಅಂದರೆ ತೂತಾಗಿದೆ. ಬಟ್ಟಲಿಗೆ ಪೆಟ್ರೋಲು ಬಿಡೋ, ತಡೆಯೋ ನೀಡಲ್ ವಾಲ್ವ್ ಬಿಚ್ಚಿದರೆ ಅದರ ವಾಷರ್ ಎಷ್ಟು ದಪ್ಪ ಇತ್ತೋ ಅಷ್ಟೇ ಹಾಕಿ, ಬಟ್ಟಲಿನ ಮಟ್ಟ ನಿಲ್ಲೋದು ಅದರ ಮೇಲೆ. ಜೆಟ್‌ಗೆ (ಪೆಟ್ರೋಲು ಅಳತೆಯಲ್ಲಿ ಹಾದುಹೋಗೋ ಸಣ್ಣ ತೂತಿನ ತುಂಡು) ತಂತಿ ಚುಚ್ಚಬೇಡಿ, ಗಾಳಿ ಹೊಡೆಯಿರಿ ಸಾಕು.

ಇ20ಯಲ್ಲಿ ಮಿಶ್ರಣವೂ ತೆಳುವಾಗುತ್ತೆ, ಅಂದರೆ ಗಾಳಿಗೆ ತಕ್ಕಷ್ಟು ಇಂಧನ ಇರಲ್ಲ. ಒಂದು ಕೆಜಿ ಬರೀ ಪೆಟ್ರೋಲು ಉರಿಯಲು ಸುಮಾರು 14.7 ಕೆಜಿ ಗಾಳಿ ಬೇಕು, ಇ20ಗೆ ಸುಮಾರು 13.5. ಹತ್ತು ಕಿಲೋಮೀಟರ್ ಒಂದೇ ವೇಗದಲ್ಲಿ ಓಡಿಸಿ ಪ್ಲಗ್ ತೆಗೆದು ನೋಡಿ: ಮಾರಿ ಬಿಸ್ಕತ್ತಿನ ಬಣ್ಣ ಇದ್ದರೆ ಏನೂ ಮುಟ್ಟಬೇಡಿ, ಸುಣ್ಣದ ಹಾಗೆ ಬೆಳ್ಳಗಿದ್ದರೆ ಮೇನ್ ಜೆಟ್ ಒಂದು ನಂಬರ್ ಏರಿಸಿ. ನಂಬರ್ ಅಂದರೆ ತೂತಿನ ವ್ಯಾಸದ ಅಳತೆ: ಉದಾಹರಣೆಗೆ 120 ಇದ್ದದ್ದು 125 ಆದರೆ ತೂತಿನ ಕ್ಷೇತ್ರ ಸುಮಾರು ಶೇ 8.5 ಹೆಚ್ಚುತ್ತೆ, ಕೊರತೆಗೆ ಅಷ್ಟು ಸರಿಹೋಗುತ್ತೆ.

ಎಲೆಕ್ಟ್ರಿಕ್ ಪಂಪು ಹಾಕಿಸಿ ಅಂತ ಯಾರಾದರೂ ಹೇಳಿಯೇ ಹೇಳ್ತಾರೆ. ವೇಪರ್ ಲಾಕ್ ಅಂತ ಖಚಿತವಾಗಿದ್ದರೆ ತಪ್ಪಿಲ್ಲ, ಟ್ಯಾಂಕಿನ ಹತ್ತಿರ ಕೂರಿಸಿದರೆ ಹಿಂದಿನಿಂದ ತಳ್ಳುತ್ತೆ, ಪೈಪಿನಲ್ಲಿ ಕುದಿಯೋದು ಬಹಳ ಕಡಿಮೆಯಾಗುತ್ತೆ. ಆದರೆ 3 ಪಿಎಸ್ಐ ಆಸುಪಾಸಿನ ಒತ್ತಡದ್ದು, ಕಾರ್ಬುರೇಟರ್‌ಗೆ ಅಂತಲೇ ಮಾಡಿದ್ದು ಇರಬೇಕು. ಇಂಜೆಕ್ಷನ್ ಗಾಡಿಯ ಹೆಚ್ಚು ಒತ್ತಡದ ಪಂಪು ಹಾಕಿದರೆ ನೀಡಲ್ ವಾಲ್ವ್ ಸೋತು ಪೆಟ್ರೋಲು ಬಿಸಿ ಎಂಜಿನ್ ಮೇಲೆ ಉಕ್ಕುತ್ತೆ. ಹೋಸುಗಳನ್ನು ಬದಲಿಸುವ ಮೊದಲಂತೂ ಬೇಡವೇ ಬೇಡ: ಇಲ್ಲಿವರೆಗೆ ಗಾಳಿ ಎಳೆಯುತ್ತಿದ್ದ ಬಿರುಕು ಅವತ್ತಿನಿಂದ ಪೆಟ್ರೋಲು ಉಗುಳುತ್ತೆ.