ಗುಳಿಗೆಗೆ ಬಗ್ಗದ ತುರಿಕೆ

ಪ್ರಶ್ನೆ: ಮೇಡಂ, ವಯಸ್ಸು 38. ಶುಗರ್‌ಗೆ ಗುಳಿಗೆ ನಡೆದಿದೆ. ವರ್ಷದಲ್ಲಿ ನಾಲ್ಕು ಸಲ ಕೆಳಗೆ ತುರಿಕೆ, ಉರಿ, ಒಡೆದ ಹಾಲಿನಂಥ ಬಿಳಿಸೆರಗು. ಮೆಡಿಕಲ್‌ನಲ್ಲಿ ಫ್ಲುಕೊನಜೋಲ್ ಒಂದು ತಂದು ನುಂಗಿ, ಟ್ಯೂಬ್ ಹಚ್ಚಿದರೆ ಆರಾಮ. ಆಮೇಲೆ ಮತ್ತೆ ಅದೇ.
– ಹೆಸರು ಬೇಡ, ಸೇಡಂ

ಉತ್ತರ: ಮೊದಲು ಆ ಟ್ಯೂಬಿನ ಮೇಲಿನ ಸಣ್ಣಕ್ಷರ ಓದಿ. ಕ್ಲೋಬೆಟಸಾಲ್ ಅಥವಾ ಬೆಕ್ಲೊಮೆಥಸೋನ್ ಎಂದಿದ್ದರೆ ಅದು ಸ್ಟೀರಾಯ್ಡ್. ತುರಿಕೆ ಅಡಗುತ್ತದೆ, ಶಿಲೀಂಧ್ರ ಉಳಿಯುತ್ತದೆ, ಚರ್ಮ ತೆಳ್ಳಗಾಗುತ್ತದೆ. ಅದನ್ನು ಬಿಡಿ.

ಅಪರೂಪಕ್ಕೊಮ್ಮೆ ಬರುವ ಸಾಧಾರಣ ಶಿಲೀಂಧ್ರ ಸೋಂಕಿಗೆ ಫ್ಲುಕೊನಜೋಲ್‌ನ 150 ಮಿ.ಗ್ರಾಂ.ನ ಒಂದೇ ಗುಳಿಗೆ ಸಾಕು. ಔಷಧದ ಅಂಶ ಯೋನಿಸ್ರಾವದಲ್ಲಿ ಸುಮಾರು ಮೂರು ದಿನ ನಿಲ್ಲುತ್ತದೆ. ವರ್ಷಕ್ಕೆ ಮೂರು–ನಾಲ್ಕು ಸಲ ಬಂದರೆ ಲೆಕ್ಕವೇ ಬೇರೆ. 1, 4, 7ನೆಯ ದಿನ ಒಂದೊಂದು, ನಂತರ ವಾರಕ್ಕೊಂದರಂತೆ ಆರು ತಿಂಗಳು ಕೊಡುವುದು ರೂಢಿ. ಇದನ್ನು ಓದಿ ನೀವೇ ಶುರು ಮಾಡಬೇಡಿ. ನಿಮ್ಮದು ಶಿಲೀಂಧ್ರವೇ ಎಂದು ಇನ್ನೂ ಯಾರೂ ನೋಡಿಲ್ಲ.

ಸ್ರಾವವನ್ನು ಆಮ್ಲೀಯತೆ ಅಳೆಯುವ ಪಿಎಚ್ ಪಟ್ಟಿಗೆ ಮುಟ್ಟಿಸಿದಾಗ 4.5ಕ್ಕಿಂತ ಮೇಲೆ ತೋರಿಸಿ, ಮೀನಿನ ವಾಸನೆಯೂ ಇದ್ದರೆ ಅದು ಬಹುಶಃ ಬ್ಯಾಕ್ಟೀರಿಯಾ ಇಲ್ಲವೇ ಟ್ರೈಕೊಮೊನಾಸ್ ಎಂಬ ಪರಾವಲಂಬಿ. ಫ್ಲುಕೊನಜೋಲ್ ಎಷ್ಟು ನುಂಗಿದರೂ ಅವು ಜಗ್ಗುವುದಿಲ್ಲ. ಶಿಲೀಂಧ್ರವಾದರೆ ಪಿಎಚ್ ಸಾಮಾನ್ಯವಾಗಿ 4.5ರೊಳಗೇ ಇರುತ್ತದೆ, ಗಾಜಿನ ಮೇಲೆ ಶೇ 10ರ ಪೊಟ್ಯಾಶಿಯಂ ಹೈಡ್ರಾಕ್ಸೈಡ್ ಹನಿ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹೆಚ್ಚಾಗಿ ಅದರ ಎಳೆಗಳು ಕಾಣುತ್ತವೆ. ಯಾವ ಜಾತಿಯದೆಂದು ತಿಳಿಯಲು ಕಲ್ಚರ್, ಅಂದರೆ ಸ್ರಾವದಲ್ಲಿನ ಶಿಲೀಂಧ್ರವನ್ನು ಲ್ಯಾಬ್‌ನಲ್ಲಿ ಬೆಳೆಸಿ ನೋಡುವ ಪರೀಕ್ಷೆ ಬೇಕು. ಕಲಬುರಗಿಯ ಜಿಮ್ಸ್‌ನಂಥ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ವಿಚಾರಿಸಿ. ಹೆಚ್ಚಿನವರಲ್ಲಿ ಇರುವುದು ಕ್ಯಾಂಡಿಡಾ ಆಲ್ಬಿಕನ್ಸ್, ಅದು ಈ ಗುಳಿಗೆಗೆ ಬಗ್ಗುತ್ತದೆ. ಕ್ಯಾಂಡಿಡಾದ್ದೇ ಇನ್ನೊಂದು ಜಾತಿ ಗ್ಲಾಬ್ರಾಟಾ ಮೊಂಡು. ಅದಕ್ಕೆ 600 ಮಿ.ಗ್ರಾಂ. ಬೋರಿಕ್ ಆಸಿಡ್ ಕ್ಯಾಪ್ಸೂಲನ್ನು ಎರಡು–ಮೂರು ವಾರ ರಾತ್ರಿ ಯೋನಿಯೊಳಗೆ ಇಡಲು ವೈದ್ಯರು ಹೇಳಬಹುದು. ನುಂಗಿದರೆ ಅದು ವಿಷ, ಮಕ್ಕಳ ಕೈಗೆ ಸಿಗಬಾರದು, ಗರ್ಭಿಣಿಯರಿಗೂ ಸಲ್ಲದು.

ಇನ್ನು ಶುಗರ್. ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ ರಕ್ತಪರೀಕ್ಷೆ ಮಾಡಿಸಿ. ನಿಮ್ಮ ಚೀಟಿಯಲ್ಲಿ ಡಪಾಗ್ಲಿಫ್ಲೋಜಿನ್ ಅಥವಾ ಎಂಪಾಗ್ಲಿಫ್ಲೋಜಿನ್ ಇದೆಯೇ? ಇವು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತವೆ, ಅಲ್ಲಿ ಶಿಲೀಂಧ್ರಕ್ಕೆ ಹಬ್ಬ. ತಾವಾಗಿ ನಿಲ್ಲಿಸದೆ ವೈದ್ಯರನ್ನು ಕೇಳಿ. ಶುಗರ್ ಇಳಿಸುವ ಗ್ಲಿಮೆಪಿರೈಡ್ ಗುಳಿಗೆ ಇದ್ದರೆ ಅದನ್ನೂ ತೋರಿಸಿ. ಫ್ಲುಕೊನಜೋಲ್ ಜೊತೆ ಸೇರಿದಾಗ ಶುಗರ್ ಜರ್ರನೆ ಇಳಿದು ಬೆವರು, ನಡುಕ ಬರಬಹುದು.

ಡೆಟಾಲ್ ಹಾಕಿ ಒಳಗೆಲ್ಲ ತೊಳೆಯುವ ಅಭ್ಯಾಸವಿದ್ದರೆ ಬಿಡಿ. ನಮ್ಮ ಕಡೆಯ ಏಪ್ರಿಲ್ ಬಿಸಿಲಲ್ಲಿ ನೈಲಾನ್ ಒಳಉಡುಪೂ ಬೇಡ.

ಪ್ರಶ್ನೆ: ಈಗ ಐದು ತಿಂಗಳ ಬಸುರಿ. ಕ್ಲೋಟ್ರಿಮಜೋಲ್ ಒಳಗಿಡುವ ಗುಳಿಗೆ ಬರೆದಿದ್ದಾರೆ. ಬೆಳಿಗ್ಗೆ ಚೂರುಚೂರಾಗಿ ಹೊರಬರುತ್ತದೆ. ಅದರ ಬದಲು ನುಂಗುವುದು ತೆಗೆದುಕೊಳ್ಳಲೇ?
– ಬಸವಕಲ್ಯಾಣದ ಓದುಗರು

ಉತ್ತರ: ಬೇಡ. ಬಸುರಿನಲ್ಲಿ ನುಂಗುವ ಫ್ಲುಕೊನಜೋಲ್ ಕೊಡುವುದಿಲ್ಲ. 100 ಮಿ.ಗ್ರಾಂ.ನದನ್ನು ಏಳು ರಾತ್ರಿ ಇಡುವುದೇ ಸರಿ. ಮಲಗುವ ಹೊತ್ತಿಗೆ ಕೈ ತೊಳೆದು, ಮೊಣಕಾಲು ಮಡಚಿ ಮಲಗಿ, ಗುಳಿಗೆಯನ್ನು ಒಂದು ಕ್ಷಣ ನೀರಿಗೆ ಅದ್ದಿ ಬೆರಳಿನಿಂದಲೇ ಸಾಧ್ಯವಾದಷ್ಟು ಮೇಲಕ್ಕೆ ತಳ್ಳಿ. ಒಳಗೆ ತೇವ ಕಡಿಮೆಯಾದರೆ, ಇಲ್ಲವೇ ಯೋನಿಯ ಬಾಯಲ್ಲೇ ಸಿಕ್ಕಿಕೊಂಡರೆ ಕರಗದೆ ಹಾಗೇ ಬರುತ್ತದೆ. ಬೆಳಿಗ್ಗೆ ಬಿಳಿ ಪುಡಿಯಂತೆ ಜಾರುವುದು ಮಾಮೂಲು. ಗಟ್ಟಿ ಚೂರುಗಳೇ ಬರುತ್ತಿದ್ದರೆ ಕ್ರೀಮಿಗೆ ಬದಲಿಸಲು ವೈದ್ಯರಿಗೆ ಹೇಳಿ. ಮೂರನೇ ದಿನಕ್ಕೆ ತುರಿಕೆ ನಿಂತಿತೆಂದು ಉಳಿದವನ್ನು ಕಪಾಟಿನಲ್ಲಿ ಇಡಬೇಡಿ.

ಪ್ರಶ್ನೆ: ಗಂಡನೂ ಔಷಧ ತೆಗೆದುಕೊಳ್ಳಬೇಕೇ?
– ಶಹಾಪುರ

ಉತ್ತರ: ಅವರಿಗೆ ತುರಿಕೆ, ಕೆಂಪು ಇಲ್ಲದಿದ್ದರೆ ಬೇಕಿಲ್ಲ. ಇದ್ದರೆ ಅವರೂ ತೋರಿಸಿಕೊಳ್ಳಲಿ. ಒಂದು ಮಾತು: ಇಂಥ ಕ್ರೀಮು, ಒಳಗಿಡುವ ಗುಳಿಗೆಗಳು ಕಾಂಡೋಮಿನ ರಬ್ಬರನ್ನು ಮೆದು ಮಾಡುತ್ತವೆ. ಆ ದಿನಗಳಲ್ಲಿ ಅದನ್ನು ನಂಬಬೇಡಿ.